ನೋವಿಗೆ ನೆರಳು: ಹೆರಿಗೆಯ ಮೊದಲ ಗಳಿಗೆಗಳ ಚರಿತ್ರೆ

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳ ದಾಟಿ ಹೊರಟರೆ, ಯಲಹಂಕಕ್ಕೆ ಸ್ವಲ್ಪ ಮೊದಲು ಅಲ್ಲಾಳಸಂದ್ರ ಸಿಗುತ್ತದೆ. ಊರಿನ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ ಎಂಬುದು ‘ಸಮುದ್ರ’ದ ಆಡುರೂಪ. ನಮ್ಮ ಹಿರಿಯರು ಕೆರೆಯನ್ನು ಅಭಿಮಾನದಿಂದ ಸಮುದ್ರವೆಂದೇ ಕರೆಯುತ್ತಿದ್ದರು. ಅಲ್ಲಾಳಸಂದ್ರದ ಕೆರೆ ಇಂದಿಗೂ ಇದೆ. ಅದರ ಸುತ್ತ ಬಡಾವಣೆಗಳು ಬೆಳೆದು ನಿಂತಿವೆ.

ಈ ಸೀಮೆಯ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಯಲಹಂಕದ ನಾಡಪ್ರಭುಗಳು, ಅವರು ಕಟ್ಟಿದ ಕೋಟೆ, ಕಟ್ಟಿಸಿದ ಕೆರೆ. ಆದರೆ ವಿದ್ಯಾರ್ಥಿ ಮಿತ್ರರೇ, ಚರಿತ್ರೆಗೆ ಇನ್ನೊಂದು ಮುಖವಿದೆ. ಪ್ರಭುವೇ ಆಗಲಿ, ಕೆರೆ ತೋಡಿದ ಕೂಲಿಯವನೇ ಆಗಲಿ, ಈ ಲೋಕಕ್ಕೆ ಬಂದದ್ದು ಒಬ್ಬ ತಾಯಿಯ ದೀರ್ಘವಾದ ನೋವಿನ ನಂತರ. ಆ ನೋವಿನ ಜೊತೆ ಕುಳಿತ ಹೆಂಗಸರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣಿ ವಿಲಾಸ ಆಸ್ಪತ್ರೆ ಆರಂಭವಾದದ್ದು 1935ರಲ್ಲಿ. ಅಲ್ಲಾಳಸಂದ್ರದಿಂದ ಅಲ್ಲಿಗೆ ಸುಮಾರು 15 ಕಿಲೋಮೀಟರ್. ಎತ್ತಿನ ಗಾಡಿ ಗಂಟೆಗೆ 3ರಿಂದ 4 ಕಿಲೋಮೀಟರ್ ಸಾಗುತ್ತದೆ. ಅಂದರೆ ಬೇನೆ ತಿನ್ನುತ್ತಿರುವ ಬಸುರಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟರೆ ತಲುಪಲು ನಾಲ್ಕು ಐದು ಗಂಟೆ. ನೋವು ಕಾಣಿಸಿದ ಕೂಡಲೇ ಗಾಡಿ ಕಟ್ಟಬೇಕೋ, ಬೆಳಗಾಗುವ ತನಕ ಕಾಯಬೇಕೋ? ಬೇಗ ಹೊರಟರೆ ಸುಳ್ಳು ನೋವೆಂದು ಹಿಂದಿರುಗಬೇಕಾದೀತು. ತಡವಾಗಿ ಹೊರಟರೆ ದಾರಿಯಲ್ಲೇ ಹೆರಿಗೆಯಾದೀತು, ಇಲ್ಲವೇ ತಾಯಿಯ ಜೀವಕ್ಕೇ ಅಪಾಯವಾದೀತು. ಯಾವಾಗ ಕಾಯಬೇಕು, ಯಾವಾಗ ಹೊರಡಬೇಕು ಎಂಬ ಈ ಪ್ರಶ್ನೆಗೆ ಮನುಷ್ಯ ಕಂಡುಕೊಂಡ ಉತ್ತರಗಳ ಚರಿತ್ರೆಯೇ ಈ ಲೇಖನದ ವಸ್ತು.

ಮೊದಲ ಹಂತವೆಂದರೇನು?

ಗರ್ಭಕೋಶವನ್ನು ಬಾಯಿ ಕೆಳಗಾದ ಒಂದು ಚೀಲಕ್ಕೆ ಹೋಲಿಸಬಹುದು. ಅದರ ಬಾಯಿಯೇ ಗರ್ಭಕೊರಳು. ಒಂಬತ್ತು ತಿಂಗಳು ಅದು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಮಗು ಹೊರಬರಬೇಕಾದರೆ ಈ ಕೊರಳು ಮೊದಲು ಮೆತ್ತಗಾಗಬೇಕು, ಬಳಿಕ ತೆಳುವಾಗಬೇಕು, ಕೊನೆಗೆ ಸುಮಾರು 10 ಸೆಂಟಿಮೀಟರಿನಷ್ಟು ತೆರೆಯಬೇಕು. ಗರ್ಭಕೋಶದ ಸ್ನಾಯುಗಳು ಬಿಗಿದು ಸಡಿಲಗೊಳ್ಳುವುದರಿಂದ ಈ ಕೆಲಸ ನಡೆಯುತ್ತದೆ. ಆ ಬಿಗಿತವೇ ನಾವು ಬೇನೆ ಎನ್ನುವ ನೋವು.

ಈ ತೆರೆಯುವಿಕೆ ಒಂದೇ ವೇಗದಲ್ಲಿ ಆಗುವುದಿಲ್ಲ. ಮೊದಲ ನಾಲ್ಕೈದು ಸೆಂಟಿಮೀಟರು ಬಹಳ ನಿಧಾನ. ಅರ್ಧ ಗಂಟೆಗೊಮ್ಮೆ, ಹತ್ತು ನಿಮಿಷಕ್ಕೊಮ್ಮೆ ನೋವು ಬರುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ, ಮತ್ತೆ ಬರುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಹೀಗೆ ಒಂದು ಹಗಲು ಒಂದು ರಾತ್ರಿ ಕಳೆಯುವುದೂ ಉಂಟು. ವೈದ್ಯರು ಇದನ್ನು ಸುಪ್ತ ಹಂತ ಎನ್ನುತ್ತಾರೆ. ಆನಂತರ ನೋವು ಕ್ರಮಬದ್ಧವಾಗಿ, ಬಲವಾಗಿ ಬರತೊಡಗಿದಾಗ ಕೊರಳು ಬೇಗ ಬೇಗ ತೆರೆಯುತ್ತದೆ. ಅದು ಸಕ್ರಿಯ ಹಂತ.

ಹೆಸರು ಸುಪ್ತ ಎಂದಿದ್ದರೂ ತಾಯಿ ಮಾತ್ರ ಮಲಗುವಂತಿಲ್ಲ. ನಿದ್ದೆಯಿಲ್ಲ, ಊಟ ಸೇರದು, ‘ಇನ್ನೂ ಆಗಲಿಲ್ಲವೇ?’ ಎಂದು ನೆರೆಯವರ ಪ್ರಶ್ನೆ ಬೇರೆ. ಮುಂದೆ ಬರುವ ದೊಡ್ಡ ನೋವಿಗೆ ಬೇಕಾದ ಶಕ್ತಿಯೂ ಧೈರ್ಯವೂ ಇಲ್ಲೇ ಖರ್ಚಾಗಿಬಿಡುವ ಭಯವಿರುತ್ತದೆ. ಆದ್ದರಿಂದಲೇ ಈ ಹಂತವನ್ನು ಹೇಗೆ ಕಳೆಯಬೇಕು ಎಂಬುದು ಎಲ್ಲ ಸಮಾಜಗಳಿಗೂ ಎದುರಾದ ಪ್ರಶ್ನೆ.

ಸೂಲಗಿತ್ತಿಯ ಕಾಲ

ಹಳಗನ್ನಡದಲ್ಲಿ ‘ಸೂಲ್’ ಎಂದರೆ ಬಸಿರು, ಹೆರಿಗೆ. ಅದನ್ನು ನೋಡಿಕೊಳ್ಳುವವಳು ಸೂಲಗಿತ್ತಿ. ಅವಳು ಓದಿದವಳಲ್ಲ, ಅಜ್ಜಿಯಿಂದಲೋ ಅತ್ತೆಯಿಂದಲೋ ಕೈಗೆ ಕೈ ಕಲಿತವಳು. ಅವಳ ವಿದ್ಯೆಯ ಬಹುಭಾಗ ಈ ನಿಧಾನದ ಹಂತಕ್ಕೆ ಸಂಬಂಧಿಸಿದ್ದು. ಬಸುರಿಯನ್ನು ಮನೆಯೊಳಗೆ ಅತ್ತಿಂದಿತ್ತ ನಡೆಸುವುದು, ಬಿಸಿನೀರೆರೆಯುವುದು, ಎಣ್ಣೆ ಹಚ್ಚಿ ಸೊಂಟ ನೀವುವುದು, ಗಂಜಿಯನ್ನೋ ಕಷಾಯವನ್ನೋ ಕುಡಿಸುವುದು, ಕಂಬಕ್ಕೋ ಹಗ್ಗಕ್ಕೋ ಆತು ಕೂರಿಸುವುದು, ಮಾತನಾಡಿಸುತ್ತಾ ಧೈರ್ಯ ಹೇಳುವುದು. ಭಾರತದ ಹಲವೆಡೆ ಇಂಥ ಹೊತ್ತಿನಲ್ಲಿ ಬಸುರಿಯ ಜಡೆ ಬಿಚ್ಚುವ, ಪೆಟ್ಟಿಗೆಯ ಬೀಗ ತೆರೆಯುವ, ಗಂಟುಗಳನ್ನು ಸಡಿಲಿಸುವ ವಾಡಿಕೆಯಿತ್ತು. ಬೀಗ ತೆರೆದರೆ ಗರ್ಭಕೊರಳು ತೆರೆಯದು, ನಿಜ. ಆದರೆ ಮನೆಮಂದಿಯೆಲ್ಲ ತನಗಾಗಿ ಏನನ್ನೋ ಮಾಡುತ್ತಿದ್ದಾರೆ ಎಂಬ ಭಾವನೆಗೆ ತನ್ನದೇ ಬೆಲೆಯಿದೆ.

ನಮ್ಮ ನಾಡಿನ ಒಂದು ಸ್ಥಳಪುರಾಣ ಈ ಮಾತನ್ನು ಸೊಗಸಾಗಿ ಹೇಳುತ್ತದೆ. ಶೃಂಗೇರಿಯಲ್ಲಿ ತುಂಗೆಯ ದಂಡೆಯ ಮೇಲೆ ಕಪ್ಪೆ ಶಂಕರ ಎಂಬ ಪುಟ್ಟ ಗುಡಿಯಿದೆ. ಸುಡುಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಯೊಂದಕ್ಕೆ ನಾಗರಹಾವು ಹೆಡೆಬಿಚ್ಚಿ ನೆರಳು ನೀಡುತ್ತಿದ್ದುದನ್ನು ಆದಿಶಂಕರರು ಕಂಡರೆಂದೂ, ಹುಟ್ಟುವೈರಿಗಳೂ ವೈರ ಮರೆಯುವ ಆ ನೆಲವನ್ನೇ ಮಠಕ್ಕೆ ಆರಿಸಿದರೆಂದೂ ಐತಿಹ್ಯ. ಈ ಕಥೆಯನ್ನು ಸಾಮಾನ್ಯವಾಗಿ ಸ್ಥಳಮಹಿಮೆಗಾಗಿ ಹೇಳುತ್ತಾರೆ. ನಾವು ಇನ್ನೊಂದು ಅಂಶವನ್ನು ಗಮನಿಸೋಣ. ಹಾವು ಕಪ್ಪೆಗೆ ಔಷಧ ಕೊಡಲಿಲ್ಲ, ಹೆರಿಗೆಯನ್ನು ಅವಸರಪಡಿಸಲೂ ಇಲ್ಲ. ಅದು ಮಾಡಿದ್ದು ಇಷ್ಟೆ: ಮುಗಿಯುವ ತನಕ ಅಲ್ಲೇ ನಿಂತು ನೆರಳಾದದ್ದು. ಸೂಲಗಿತ್ತಿಯ ಕೆಲಸದ ತಿರುಳೂ ಇದೇ.

ಆದರೆ ಸಮಾಜ ಅವಳಿಗೆ ಕೊಟ್ಟ ಸ್ಥಾನವೇನು? ಹೆರಿಗೆಯ ಮನೆಗೆ ಪುರುಡು, ಅಂದರೆ ಮೈಲಿಗೆ. ಆ ಮೈಲಿಗೆಯ ಕೆಲಸವನ್ನು ಅನೇಕ ಕಡೆ ಕೆಳಜಾತಿಗಳೆನಿಸಿಕೊಂಡವರ ಹೆಂಗಸರೇ ಮಾಡಬೇಕಾಗಿತ್ತು. ಮಗುವನ್ನು ಮೊದಲು ಮುಟ್ಟಿದ ಕೈಯನ್ನೇ ಹನ್ನೊಂದನೆಯ ದಿನದ ನಂತರ ಮನೆಯೊಳಗೆ ಬಿಟ್ಟುಕೊಳ್ಳದ ವಿಪರ್ಯಾಸ ನಮ್ಮಲ್ಲಿತ್ತು. ಬಾಣಂತಿಯನ್ನು ಗಾಳಿ ಬೆಳಕಿಲ್ಲದ ಮೂಲೆಗೆ ತಳ್ಳಿದ್ದೂ ಇದೇ ಮೈಲಿಗೆಯ ಕಲ್ಪನೆ.

ಕಾಯುವುದಕ್ಕೂ ಬೆಲೆಯುಂಟು

ಹಳೆಯದೆಲ್ಲ ಒಳ್ಳೆಯದೆಂದು ಹಾಡಿಹೊಗಳಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ನಿಧಾನವಾದ ಬೇನೆ ಬೇರೆ, ತಡೆಯಾದ ಬೇನೆ ಬೇರೆ. ಮಗು ಅಡ್ಡಲಾಗಿದ್ದರೆ ಅಥವಾ ತಾಯಿಯ ಕಟಿಮೂಳೆ ಕಿರಿದಾಗಿದ್ದರೆ ಎಷ್ಟು ದಿನ ಕಾದರೂ ಹೆರಿಗೆಯಾಗದು. ಗರ್ಭಕೋಶ ಹರಿದುಹೋಗಬಹುದು, ನಂಜೇರಬಹುದು, ರಕ್ತಸ್ರಾವವಾಗಬಹುದು. ಅನುಭವಿ ಸೂಲಗಿತ್ತಿಗೆ ಅಪಾಯದ ಅರಿವಾದರೂ ಅವಳ ಬಳಿ ಅದಕ್ಕೆ ಪರಿಹಾರವಿರಲಿಲ್ಲ. ತೊಳೆಯದ ಕೈಯಿಂದ, ಶುದ್ಧಿ ಮಾಡದ ಕುಡುಗೋಲಿನಿಂದ ಆದ ಅನಾಹುತಗಳೂ ಕಡಿಮೆಯಲ್ಲ.

ಈ ಸ್ಥಿತಿಯನ್ನು ಬದಲಿಸುವ ಪ್ರಯತ್ನಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದವು. ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕೆಂಬ ಉದ್ದೇಶದಿಂದ 1885ರಲ್ಲಿ ಲೇಡಿ ಡಫರಿನ್ ನಿಧಿ ಸ್ಥಾಪನೆಯಾಯಿತು. ದಾಯಿಗಳಿಗೆ ತರಬೇತಿ ಕೊಡಲು 1903ರಲ್ಲಿ ಲೇಡಿ ಕರ್ಜನ್ ಅವರ ಮುಂದಾಳ್ತನದಲ್ಲಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ರೂಪುಗೊಂಡಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೇಲೆ ಹೇಳಿದ ವಾಣಿ ವಿಲಾಸ ಆಸ್ಪತ್ರೆ ತಲೆಯೆತ್ತಿತು. ಮಗ ಚಿಕ್ಕವನಿದ್ದಾಗ 1895ರಿಂದ 1902ರ ತನಕ ರಾಜ್ಯಭಾರ ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂದಿತು.

ಆದರೂ ಆಸ್ಪತ್ರೆಗಳು ಪಟ್ಟಣದಲ್ಲಿ, ಹೆರಿಗೆಗಳು ಹಳ್ಳಿಯಲ್ಲಿ. ಭಾರತದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರು ಬಸಿರು ಹೆರಿಗೆಗಳ ಕಾರಣದಿಂದ ಸಾಯುತ್ತಿದ್ದಾರೆಂದು 1946ರಲ್ಲಿ ಭೋರ್ ಸಮಿತಿ ಅಂದಾಜು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿಕೊಂಡದ್ದು ಈ ಸಮಿತಿಯ ಶಿಫಾರಸಿನಿಂದಲೇ.

ಗಡಿಯಾರವೂ ಗ್ರಾಫೂ

ಹೆರಿಗೆಯ ನಿಧಾನವನ್ನು ಅಳೆದು ತೋರಿಸಿದ ಮೊದಲ ಕೀರ್ತಿ ಅಮೆರಿಕದ ವೈದ್ಯ ಇಮ್ಯಾನುಯೆಲ್ ಫ್ರೀಡ್‌ಮನ್ ಅವರಿಗೆ ಸಲ್ಲುತ್ತದೆ. ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಅವರು 1954ರಲ್ಲಿ ಒಂದು ಸರಳ ಗ್ರಾಫ್ ಪ್ರಕಟಿಸಿದರು. ಅಡ್ಡಗೆರೆಯ ಮೇಲೆ ಗಂಟೆಗಳು, ನಿಲುಗೆರೆಯ ಮೇಲೆ ಗರ್ಭಕೊರಳು ತೆರೆದ ಸೆಂಟಿಮೀಟರುಗಳು. ಬಿಂದುಗಳನ್ನು ಸೇರಿಸಿದಾಗ ಮೊದಲು ಬಹುದೂರ ಚಪ್ಪಟೆಯಾಗಿ ಸಾಗಿ ಬಳಿಕ ಥಟ್ಟನೆ ಮೇಲೇರುವ ರೇಖೆ ಮೂಡಿತು. ಆ ಚಪ್ಪಟೆ ಭಾಗವೇ ಸುಪ್ತ ಹಂತ. ಚೊಚ್ಚಲ ಬಸುರಿಯಲ್ಲಿ ಅದು 20 ಗಂಟೆ, ಮುಂದಿನ ಹೆರಿಗೆಗಳಲ್ಲಿ 14 ಗಂಟೆ ಮೀರಿದರೆ ಮಾತ್ರ ದೀರ್ಘವೆನ್ನಬೇಕು ಎಂದರು ಫ್ರೀಡ್‌ಮನ್. ಹಾಗೆ ದೀರ್ಘವಾದಾಗಲೂ ಅವರು ಮೊದಲು ಸೂಚಿಸಿದ್ದು ಶಸ್ತ್ರಚಿಕಿತ್ಸೆಯನ್ನಲ್ಲ, ವಿಶ್ರಾಂತಿಯನ್ನು. ಔಷಧ ಕೊಟ್ಟು ಮಲಗಿಸಿದರೆ ಹೆಚ್ಚಿನವರು ಎಚ್ಚರಗೊಳ್ಳುವ ವೇಳೆಗೆ ಸಕ್ರಿಯ ಹಂತ ತಲುಪಿರುತ್ತಿದ್ದರು. ಕೆಲವರಿಗೆ ನೋವೇ ನಿಂತಿರುತ್ತಿತ್ತು, ಅಂದರೆ ಅದು ಹುಸಿ ಬೇನೆಯಾಗಿತ್ತು.

ನಮ್ಮ ಎತ್ತಿನ ಗಾಡಿಯ ಪ್ರಶ್ನೆಗೆ ಉತ್ತರ ಬಂದದ್ದು ಆಫ್ರಿಕಾದಿಂದ. ಇಂದು ಜಿಂಬಾಬ್ವೆಯೆನಿಸಿರುವ ದೇಶದಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು 1972ರಲ್ಲಿ ಫ್ರೀಡ್‌ಮನ್ ಗ್ರಾಫಿನ ಮೇಲೆ ಎರಡು ಗೆರೆ ಎಳೆದರು. ಒಂದು ಎಚ್ಚರಿಕೆಯ ಗೆರೆ. ಅದರಿಂದ ನಾಲ್ಕು ಗಂಟೆ ಬಲಕ್ಕೆ ಕ್ರಮ ಕೈಗೊಳ್ಳುವ ಗೆರೆ. ವೈದ್ಯರಿಲ್ಲದ ದೂರದ ಹೆರಿಗೆ ಕೇಂದ್ರದಲ್ಲಿರುವ ದಾದಿ ಚುಕ್ಕಿ ಇಡುತ್ತಾ ಹೋಗುತ್ತಾಳೆ. ಚುಕ್ಕಿ ಎಚ್ಚರಿಕೆಯ ಗೆರೆ ದಾಟಿತೆಂದರೆ ಆಸ್ಪತ್ರೆಗೆ ಹೊರಡುವ ಹೊತ್ತಾಯಿತು. ಇದೇ ಪಾರ್ಟೋಗ್ರಾಫ್. ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಗಡಿಯಾರ! ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಇಂಡೋನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್‌ಗಳಲ್ಲಿ 35,484 ಹೆಂಗಸರ ಹೆರಿಗೆಗಳಲ್ಲಿ ಪರೀಕ್ಷಿಸಿತು. 18 ಗಂಟೆ ಮೀರಿದ ಹೆರಿಗೆಗಳ ಪ್ರಮಾಣ ಶೇ. 6.4ರಿಂದ ಶೇ. 3.4ಕ್ಕೆ ಇಳಿಯಿತೆಂದು 1994ರಲ್ಲಿ ಪ್ರಕಟವಾಯಿತು.

ಆದರೆ ಒಂದು ತೊಡಕಿತ್ತು. ಸುಪ್ತ ಹಂತದಲ್ಲೇ ಗಡಿಯಾರ ಓಡಿಸಲು ಶುರುಮಾಡಿದರೆ ಸಹಜವಾದ ನಿಧಾನವೂ ರೋಗವಾಗಿ ಕಾಣುತ್ತದೆ. ಆದ್ದರಿಂದ 2000ದಲ್ಲಿ ಸಂಸ್ಥೆ ಸುಪ್ತ ಹಂತವನ್ನು ಹಾಳೆಯಿಂದ ತೆಗೆದು, 4 ಸೆಂಟಿಮೀಟರಿನಿಂದ ಲೆಕ್ಕ ಆರಂಭಿಸಿತು. 2018ರ ಮಾರ್ಗಸೂಚಿಯಲ್ಲಿ ಸಕ್ರಿಯ ಹಂತದ ಆರಂಭವನ್ನು 5 ಸೆಂಟಿಮೀಟರಿಗೆ ಒಯ್ದು, ಸುಪ್ತ ಹಂತಕ್ಕೆ ಇಷ್ಟೇ ಗಂಟೆಯೆಂಬ ಪ್ರಮಾಣವಿಲ್ಲ, ಅದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಎಂದು ಸ್ಪಷ್ಟಪಡಿಸಿತು. ಅಳೆಯಲು ಹೊರಟ ವಿಜ್ಞಾನ, ಅಳತೆಯ ಮಿತಿಯನ್ನೂ ತಾನೇ ಕಂಡುಕೊಂಡಿತು.

ಅವಸರದ ಕಾಲ

ಹಳೆಯ ಕಾಲದ ತಪ್ಪು ಅತಿಯಾಗಿ ಕಾಯುವುದಾದರೆ, ಹೊಸ ಕಾಲದ ತಪ್ಪು ಕಾಯದಿರುವುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಬಿಗಿಗೊಳಿಸುತ್ತದೆಂದು ಹೆನ್ರಿ ಡೇಲ್ 1906ರಲ್ಲಿ ತೋರಿಸಿದರು. ಆ ಗುಣವುಳ್ಳ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವುದರಲ್ಲಿ ಈ ಔಷಧ ಲಕ್ಷಾಂತರ ತಾಯಂದಿರ ಪ್ರಾಣ ಕಾಪಾಡಿದೆ. ಆದರೆ ಅದೇ ಚುಚ್ಚುಮದ್ದನ್ನು ‘ನೋವು ಜೋರಾಗಲಿ’ ಎಂದು ಮನೆಯ ಹೆರಿಗೆಗಳಲ್ಲಿ ಅಳತೆಯಿಲ್ಲದೆ ಚುಚ್ಚುವ ರೂಢಿ ದೇಶದ ಹಲವೆಡೆ ಹರಡಿತು. ಹೀಗೆ ಕೊಟ್ಟ ಮದ್ದು ಮಗುವಿನ ಉಸಿರು ಕಟ್ಟಿಸಬಹುದು, ಗರ್ಭಕೋಶವನ್ನೇ ಹರಿಯಬಹುದು.

ಈ ಔಷಧದ ಕಥೆ ಬೆಂಗಳೂರಿಗೂ ಬಂದಿತು. ಹೈನು ರಾಸುಗಳ ಮೇಲೆ ಆಗುತ್ತಿದ್ದ ದುರ್ಬಳಕೆಯನ್ನು ಮುಂದಿಟ್ಟು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ, ದೇಶದೊಳಗಿನ ಬಳಕೆಗೆ ಬೇಕಾದ ತಯಾರಿಕೆಯನ್ನು ಬೆಂಗಳೂರಿನ ಸಾರ್ವಜನಿಕ ಸಂಸ್ಥೆಯಾದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್‌ಗೆ ಮಾತ್ರ ವಹಿಸಿತು. ಒಂದೇ ಕಾರ್ಖಾನೆಯನ್ನು ನಂಬಿದರೆ ತಾಯಂದಿರಿಗೆ ಜೀವರಕ್ಷಕ ಔಷಧ ಸಿಗದೆ ಹೋದೀತೆಂಬ ವಾದವೆದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದುಗೊಳಿಸಿತು.

ಅವಸರಕ್ಕೆ ಇನ್ನೊಂದು ರೂಪ ಸಿಸೇರಿಯನ್. ಬೇಕಾದಾಗ ಅದು ತಾಯಿ ಮಗು ಇಬ್ಬರನ್ನೂ ಉಳಿಸುತ್ತದೆ. ಆದರೆ ಸುಪ್ತ ಹಂತದಲ್ಲೇ ಆಸ್ಪತ್ರೆಗೆ ಸೇರಿ, ‘ಮುಂದುವರಿಯುತ್ತಿಲ್ಲ’ ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಒಳಗಾಗುವವರೂ ಇದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆ 2005-06ರಲ್ಲಿ ಸುಮಾರು ಶೇ. 65 ಇದ್ದದ್ದು 2019-21ರ ಸಮೀಕ್ಷೆಯಲ್ಲಿ ಶೇ. 97ಕ್ಕೆ ಏರಿತು. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಇದು ಹೆಮ್ಮೆಪಡಬೇಕಾದ ಸಾಧನೆ. ಅದರ ಜೊತೆಯಲ್ಲೇ ಸಿಸೇರಿಯನ್ ಹೆರಿಗೆಗಳು ಶೇ. 31.5 ಆದವು ಎಂಬುದನ್ನೂ ಗಮನಿಸಬೇಕು.

ನೆರಳಿನ ಮರುಶೋಧ

ಹೆರಿಗೆ ಆಸ್ಪತ್ರೆಗೆ ಬಂದಾಗ ತಾಯಿಗೆ ವೈದ್ಯರು ಸಿಕ್ಕರು, ಜೊತೆಗಾರ್ತಿ ಕಳೆದುಹೋದಳು. ತವರಿನಿಂದ ಬಂದ ಅಮ್ಮ ಬಾಗಿಲಾಚೆ, ಮಗಳು ವಾರ್ಡಿನೊಳಗೆ ಒಬ್ಬಳೇ. ಇದರ ಪರಿಣಾಮವನ್ನು ಮೊದಲು ಅಳೆದದ್ದು ಮಧ್ಯ ಅಮೆರಿಕದ ಗ್ವಾಟೆಮಾಲಾದ ಒಂದು ಆಸ್ಪತ್ರೆಯಲ್ಲಿ. ಸೋಸಾ, ಕೆನೆಲ್, ಕ್ಲಾಸ್ ಮುಂತಾದ ವೈದ್ಯರು 1980ರಲ್ಲಿ ವರದಿ ಮಾಡಿದ ಪ್ರಕಾರ, ಒಂಟಿಯಾಗಿ ನೋವುಂಡವರಿಗೆ ಆಸ್ಪತ್ರೆ ಸೇರಿದ ಮೇಲೆ ಹೆರಿಗೆಯಾಗಲು ಸರಾಸರಿ 19.3 ಗಂಟೆ ಹಿಡಿಯಿತು. ಪಕ್ಕದಲ್ಲಿ ಒಬ್ಬ ಹೆಂಗಸು ಕುಳಿತು ಕೈಹಿಡಿದು ಮಾತನಾಡಿಸಿದವರಿಗೆ ಅದರ ಅರ್ಧಕ್ಕಿಂತಲೂ ಕಡಿಮೆ. ಆಮೇಲೆ 17 ದೇಶಗಳ 15,858 ಹೆಂಗಸರನ್ನೊಳಗೊಂಡ 26 ಅಧ್ಯಯನಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಅಂತರ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೂ ನಿರಂತರ ಜೊತೆಯಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿ ಸ್ವಲ್ಪ ಕಡಿಮೆ ಎಂಬುದು ದೃಢಪಟ್ಟಿತು. ಮಲಗಿರುವುದಕ್ಕಿಂತ ನಡೆದಾಡುವುದರಿಂದ, ನೆಟ್ಟಗೆ ಕೂರುವುದರಿಂದ ಮೊದಲ ಹಂತ ಸುಮಾರು ಒಂದು ಗಂಟೆ 20 ನಿಮಿಷ ಮೊಟಕಾಗುತ್ತದೆಂದು 2013ರ ಇಂಥದೇ ಇನ್ನೊಂದು ಪರಿಶೀಲನೆ ತೋರಿಸಿತು. ಸೂಲಗಿತ್ತಿ ‘ಏಳವ್ವ, ಎರಡು ಹೆಜ್ಜೆ ಹಾಕು’ ಎಂದದ್ದು ಬರಿಯ ಮಾತಾಗಿರಲಿಲ್ಲ.

ಭಾರತ ಸರ್ಕಾರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ, ಹೆತ್ತ ಅನುಭವವುಳ್ಳ ಒಬ್ಬ ಹೆಂಗಸನ್ನು ಜೊತೆಗೆ ಬಿಡಲು ಸೂಚಿಸಿತು. ಮರೆಯ ವ್ಯವಸ್ಥೆಯಿದ್ದಲ್ಲಿ ಗಂಡನೂ ಇರಬಹುದೆಂದಿತು. ದಾದಿಯರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು ಪ್ರಸೂತಿ ಪರಿಣತರನ್ನಾಗಿ ಮಾಡುವ ಮಾರ್ಗಸೂಚಿ 2018ರ ಡಿಸೆಂಬರಿನಲ್ಲಿ ಹೊರಬಂತು.

ಅದೇ ವರ್ಷ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆತದ್ದು ಅರ್ಥಪೂರ್ಣ. ಅಜ್ಜಿಯಿಂದ ವಿದ್ಯೆ ಕಲಿತು, 1940ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಮೊದಲ ಹೆರಿಗೆ ಮಾಡಿಸಿದ ಅವರು ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ಹೆಸರಿಲ್ಲದೆ ಹೋದ ಸಾವಿರಾರು ಕೈಗಳ ಪರವಾಗಿ ಒಂದು ಹೆಸರು ಚರಿತ್ರೆಗೆ ಸೇರಿತು.

ಇಂದಿನ ದಾರಿ

ಇಂದು ಅಲ್ಲಾಳಸಂದ್ರದಿಂದ ಯಲಹಂಕದ ಸರ್ಕಾರಿ ಆಸ್ಪತ್ರೆ ಹತ್ತಿರ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಈ ಸೇವೆ ಕರ್ನಾಟಕದಲ್ಲಿ 2008ರಲ್ಲಿ ಆರಂಭವಾಯಿತು. ಗಾಡಿಯ ನಾಲ್ಕೈದು ಗಂಟೆಗಳು ಇಲ್ಲವಾದವು. ಹೀಗಾಗಿ ಇಂದಿನ ತಾಯಿಗೆ ಹಿಂದಿನವಳಿಗಿಲ್ಲದ ಒಂದು ಅನುಕೂಲವಿದೆ: ಅವಳು ನಿಶ್ಚಿಂತೆಯಿಂದ ಕಾಯಬಹುದು.

ದಿನ ತುಂಬಿದ, ತೊಂದರೆಯಿಲ್ಲದ ಬಸಿರಿನಲ್ಲಿ, ವೈದ್ಯರು ಬೇರೆ ಹೇಳಿಲ್ಲದಿದ್ದರೆ, ಮೊದಲ ನೋವುಗಳನ್ನು ಮನೆಯಲ್ಲೇ ಕಳೆಯಬಹುದು. ರಾತ್ರಿಯಾದರೆ ಆದಷ್ಟೂ ನಿದ್ದೆ, ಹಗಲಾದರೆ ಸ್ವಲ್ಪ ನಡಿಗೆ, ಸ್ವಲ್ಪ ವಿಶ್ರಾಂತಿ. ಹದವಾದ ಬಿಸಿನೀರಿನ ಸ್ನಾನ, ಸೊಂಟ ನೀವುವುದು, ಗಂಜಿ, ಮಜ್ಜಿಗೆ, ಎಳನೀರಿನಂಥ ಹಗುರ ಆಹಾರ, ಆಗಾಗ ಮೂತ್ರ ವಿಸರ್ಜನೆ, ನೋವು ಬಂದಾಗ ನಿಧಾನವಾದ ಉಸಿರಾಟ. ಹರಳೆಣ್ಣೆ ಕುಡಿಸುವುದು, ಗೊತ್ತಿಲ್ಲದವರಿಂದ ಚುಚ್ಚುಮದ್ದು ಹಾಕಿಸುವುದು ಸಲ್ಲದು.

ನೋವು ಐದು ನಿಮಿಷಕ್ಕೊಮ್ಮೆ, ಒಂದೊಂದೂ ಸುಮಾರು ಒಂದು ನಿಮಿಷದಂತೆ, ಗಂಟೆ ಹೊತ್ತು ಬಂದರೆ ಹೊರಡಬೇಕು. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆಯಾದರೆ, ಜ್ವರ ಬಂದರೆ, ತೀವ್ರ ತಲೆನೋವಿನಿಂದ ಕಣ್ಣು ಮಂಜಾದರೆ, ಒಂಬತ್ತು ತಿಂಗಳಿಗೆ ಮೊದಲೇ ನೋವು ಬಂದರೆ ಒಂದು ಕ್ಷಣವೂ ಕಾಯಬಾರದು. ತಾಯಿ ತೀರಾ ಬಳಲಿದರೆ, ಭಯಪಟ್ಟರೆ, ಅದೂ ಹೋಗಲು ತಕ್ಕ ಕಾರಣವೇ. ಪರೀಕ್ಷಿಸಿ ‘ಇನ್ನೂ ಸಮಯವಿದೆ, ಮನೆಗೆ ಹೋಗಿ’ ಎಂದರೆ ಅದರಲ್ಲಿ ಅವಮಾನವೇನೂ ಇಲ್ಲ. ಮತ್ತೆ ನೋವು ಹೆಚ್ಚಿದಾಗ ಮತ್ತೆ ಹೋದರಾಯಿತು.

ಇದು ಹುಡುಗಿಯರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಅಕ್ಕನಿಗೋ ಅತ್ತಿಗೆಗೋ ಬೇನೆ ಕಾಣಿಸಿದಾಗ ಗಡಿಯಾರ ನೋಡಿ ನೋವಿನ ಅಂತರ ಬರೆದಿಡುವುದು, ಕುಡಿಯಲು ನೀರು ಕೊಡುವುದು, ವಾಹನ ಗೊತ್ತುಮಾಡುವುದು, ‘ಇನ್ನೂ ಆಗಲಿಲ್ಲವೇ?’ ಎಂದು ಕೇಳದಿರುವುದು — ಇವನ್ನು ಮನೆಯ ಹುಡುಗರೂ ಮಾಡಬಲ್ಲರು.

ಚರ್ಚೆಗೆ

1. ನಿಮ್ಮ ಅಜ್ಜಿ ಅಥವಾ ನೆರೆಯ ಹಿರಿಯರನ್ನು ಕೇಳಿ: ಅವರ ಹೆರಿಗೆ ಎಲ್ಲಿ ಆಯಿತು? ಜೊತೆಗೆ ಯಾರಿದ್ದರು? ಅವರ ಹೆಸರನ್ನು ಬರೆದಿಡಿ.

2. ನಿಮ್ಮ ಊರಿನಿಂದ ಅತಿ ಹತ್ತಿರದ ಹೆರಿಗೆ ಆಸ್ಪತ್ರೆಗೆ ಎಷ್ಟು ದೂರ? ಐವತ್ತು ವರ್ಷದ ಹಿಂದೆ ಎಷ್ಟಿತ್ತು? ಎರಡಕ್ಕೂ ತಗಲುವ ಸಮಯವನ್ನು ಹೋಲಿಸಿ.

3. ಅತಿಯಾಗಿ ಕಾಯುವುದು, ಅತಿಯಾಗಿ ಅವಸರಪಡುವುದು — ಇವೆರಡರಿಂದಲೂ ತಾಯಿಗೆ ಹಾನಿಯೇ. ಇವುಗಳ ನಡುವಿನ ವಿವೇಕವನ್ನು ಬೆಳೆಸುವಲ್ಲಿ ಆಸ್ಪತ್ರೆಯ ಪಾತ್ರವೇನು, ಮನೆಯ ಪಾತ್ರವೇನು?